ಅತ್ತೂರಿನ ದಾರಿಯಲ್ಲಿ ಅಮ್ಮನ ಬಳೆ

ಜನವರಿ ಕೊನೆಯ ದಿನಗಳಲ್ಲಿ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಅತ್ತೂರಿಗೆ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಆಟೋದವರು, ಬಸ್ಸಿನವರು "ಅತ್ತೂರು ಅತ್ತೂರು" ಅಂತ ಕೂಗಿ ನಿಮ್ಮನ್ನು ಹೆಚ್ಚುಕಮ್ಮಿ ಎತ್ತಿ ಕೂರಿಸ್ತಾರೆ. ಸಂತ ಲಾರೆನ್ಸರ ಬಸಿಲಿಕದ ವಾರ್ಷಿಕ ಹಬ್ಬ ಅದು, ಐದು ದಿನ ನಡೆಯುತ್ತದೆ. ಕಾಗದದಲ್ಲಿ ಅದಕ್ಕೆ ಏನೇ ಹೆಸರಿರಲಿ, ನಮ್ಮ ಕಡೆಯವರ ಬಾಯಲ್ಲಿ ಅದು 'ಸಾಂತ್‌ಮಾರಿ'. ನಮ್ಮ ಪಕ್ಕದ ಮನೆಯ ಶೆಟ್ರು ನಮಗಿಂತ ಮೊದಲೇ ಹೋಗಿ ಮೊಂಬತ್ತಿ ಹಚ್ಚಿ ಬರ್ತಾರೆ. ಅವರ ಅಮ್ಮ ಹೋಗ್ತಿದ್ದರಂತೆ, ಅದಕ್ಕೆ ಇವರೂ ಹೋಗ್ತಾರೆ.

ನಾನು ಈ ಸಲ ಹೋದದ್ದು ಮೊಂಬತ್ತಿಗಾಗಿ ಅಲ್ಲ. ಅಮ್ಮನ ಕೈಯ ಎರಡು ಬಳೆಗಳಲ್ಲಿ ಒಂದನ್ನು ಕಾಣಿಕೆ ಹಾಕಲಿಕ್ಕಿತ್ತು. ಆ ಕೆಲಸವನ್ನು ಮೂರು ವರ್ಷ ಮುಂದೂಡಿದವನು ನಾನೇ.

ಕತೆ ಹಿಂದಿನಿಂದ ಹೇಳಬೇಕು. 2021ರ ಮೇ ತಿಂಗಳು. ಎರಡನೇ ಅಲೆ. ಪಪ್ಪಾ ಆಸ್ಪತ್ರೆಯಲ್ಲಿದ್ದರು, ನಾನು ಹೊರಗೆ ಕಾರಿನಲ್ಲಿ ಕೂತು ಫೋನಿನಲ್ಲಿ ಆಕ್ಸಿಜನ್, ಇಂಜೆಕ್ಷನ್ ಅಂತ ಕಂಡಕಂಡವರಿಗೆಲ್ಲ ಮೆಸೇಜ್ ಹಾಕ್ತಿದ್ದೆ. ಅಮ್ಮ ಮನೆಯಲ್ಲಿ ಒಬ್ಬಳೇ. ಆ ರಾತ್ರಿಗಳಲ್ಲಿ ಯಾವಾಗಲೋ ಅವಳು ಅತ್ತೂರಿನ ಸಂತ ಲಾರೆನ್ಸರಿಗೆ ಒಂದು ಬಳೆ ಹೇಳಿಕೊಂಡಿದ್ದಾಳೆ. ಪಪ್ಪಾ ಕುವೈತಿನಲ್ಲಿ ಕೆಲಸಕ್ಕಿದ್ದಾಗ ಮೊದಲ ರಜೆಗೆ ಬರುವಾಗ ತಂದ ಬಳೆ. ನಾಲ್ಕು ಇದ್ದವು, ಎರಡು ನನ್ನ ಇಂಜಿನಿಯರಿಂಗ್ ಫೀಸಿಗೆ ಹೋದವು. ಉಳಿದದ್ದು ಎರಡು.

ಹದಿನೆಂಟು ದಿನದ ಮೇಲೆ ಪಪ್ಪಾ ಹೋಗಿಬಿಟ್ಟರು.

ಅಷ್ಟಾದ ಮೇಲೂ ಅಮ್ಮ ಆ ಬಳೆಯ ಮಾತು ಬಿಡಲಿಲ್ಲ. ವರ್ಷ ತುಂಬಿದ ಪೂಜೆ ಮುಗಿಸಿ ಬಂದ ದಿನವೇ "ಅತ್ತೂರಿಗೆ ಒಮ್ಮೆ ಹೋಗಬೇಕು ಪುತಾ, ಅದೊಂದು ಬಾಕಿ ಉಂಟು" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಎಂತ ಬಾಕಿ? ಕೇಳಿದ್ದು ಸಿಕ್ಕಿದ್ರೆ ಅಲ್ವಾ ಕೊಡೋದು? ಸಿಕ್ಕಿತಾ?" ಅಂತ ಕೇಳಿದೆ. ಕೇಳಬಾರದಿತ್ತು. ಅಮ್ಮ ಏನೂ ಹೇಳದೆ ಅನ್ನಕ್ಕೆ ನೀರಿಡಲು ಹೋದಳು. ಆಮೇಲೆ ಒಂದು ಜನವರಿಯಲ್ಲಿ ನನಗೆ ರಿಲೀಸ್ ಇತ್ತು, ಇನ್ನೊಂದರಲ್ಲಿ ರಜೆ ಸಿಗಲಿಲ್ಲ, ಮತ್ತೊಂದರಲ್ಲಿ ನಮ್ಮ ಟೀಮಿನಲ್ಲಿ ಜನರನ್ನು ತೆಗೆಯುವ ಸುದ್ದಿ ಹಬ್ಬಿತ್ತು. ಕಾರಣಗಳೆಲ್ಲ ನಿಜವೇ. ಆದರೆ ಬರಲೇಬೇಕು ಅಂತಿದ್ದರೆ ಬರಬಹುದಿತ್ತು, ಅದೂ ನಿಜ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ನನ್ನದು ಎಲ್ಲಕ್ಕೂ ಲೆಕ್ಕ ಇಡುವ ಜಾತಿ. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇರಬೇಕು. ಎಸ್‌ಐಪಿ ತಿಂಗಳ ಐದನೇ ತಾರೀಕು ಹೋಗಬೇಕು. ಭಾನುವಾರದ ಪೂಜೆಗೆ ಹೋದರೆ ಕೊನೆಯ ಬೆಂಚು, ಬಾಗಿಲ ಪಕ್ಕ. ಕಾಣಿಕೆ ತಟ್ಟೆ ಬರುವ ಹೊತ್ತಿಗೆ ಪರ್ಸಿನಲ್ಲಿ ಐವತ್ತರ ನೋಟು ಉಂಟಾ ಅಂತ ಹುಡುಕ್ತೀನಿ, ನೂರರದ್ದು ಕಂಡರೂ. ಹಾಡುವಾಗ ಬಾಯಿ ಆಡಿಸ್ತೀನಿ, ಸ್ವರ ಹೊರಡಿಸುವುದಿಲ್ಲ. ಇದು ಜಿಪುಣತನ ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಹುಷಾರಾಗಿರುವುದು ಅಂದುಕೊಂಡಿದ್ದೆ.

ಹುಷಾರಿಗೆ ಕಾರಣವೂ ಇತ್ತು. ಬೆಂಗಳೂರಿಗೆ ಹೊಸತಾಗಿ ಬಂದಾಗ ರೂಮ್‌ಮೇಟ್ ಒಬ್ಬ ದೊಡ್ಡ ಪ್ರಾರ್ಥನಾ ಕೂಟವೊಂದಕ್ಕೆ ಕರೆದುಕೊಂಡು ಹೋಗಿದ್ದ. ಬೋಧಕರು ಕೊಟ್ಟದ್ದು ನೂರುಪಟ್ಟು ತಿರುಗಿ ಬರುತ್ತದೆ ಅಂತ ಭರವಸೆ ಕೊಟ್ಟರು, ಹಿಂದೆಯೇ ಪರದೆಯ ಮೇಲೆ ಕ್ಯೂಆರ್ ಕೋಡ್ ಬಂತು. ನನ್ನ ಪಕ್ಕ ಕೂತಿದ್ದ ಹೆಂಗಸು, ಮನೆಗೆಲಸಕ್ಕೆ ಹೋಗುವವರು ಅಂತ ಮಾತಿನಲ್ಲಿ ಗೊತ್ತಾಗಿತ್ತು, ಸೆರಗಿನ ಗಂಟು ಬಿಚ್ಚಿ ಇದ್ದದ್ದೆಲ್ಲ ಕೊಟ್ಟರು. ಅವತ್ತಿನಿಂದ ದೇವರ ಹೆಸರಿನಲ್ಲಿ ಯಾರಾದರೂ 'ಧಾರಾಳವಾಗಿ' ಅನ್ನುವ ಮಾತು ತೆಗೆದರೆ ನನ್ನ ಕೈ ತಾನಾಗಿ ಪರ್ಸಿನ ಮೇಲೆ ಹೋಗುತ್ತೆ.

ಇರಲಿ. ಈ ಸಲ ಬಂದೆ. ಮೂಡುಬಿದಿರೆ ಹತ್ತಿರದ ನಮ್ಮ ಮನೆಯಿಂದ ಕಾರ್ಕಳ ದೂರವಲ್ಲ, ಆದರೆ ಹಬ್ಬದ ದಿನ ಕಾರು ನಿಲ್ಲಿಸುವುದೇ ಅರ್ಧ ದಿನದ ಕೆಲಸ ಅಂತ ಬಸ್ಸಿನಲ್ಲೇ ಹೊರಟೆವು. ಮಂಗಳೂರಿನಿಂದ ಬರುವವರಿಗೂ ಅದೇ ದಾರಿ: ಮೂಡುಬಿದಿರೆ ದಾಟಿ ಕಾರ್ಕಳ, ಸುಮಾರು ಐವತ್ತು ಕಿಲೋಮೀಟರ್. ಬೆಂಗಳೂರಿನಿಂದಾದರೆ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಇಲ್ಲಿರಬಹುದು.

ಕಾರ್ಕಳ ಹತ್ತಿರವಾದಂತೆ ಬಂಡೆಯ ಗುಡ್ಡದ ಮೇಲೆ ಗೊಮ್ಮಟ ಕಾಣ್ತಾನೆ. 1432ರಲ್ಲಿ ನಿಲ್ಲಿಸಿದ್ದು, 42 ಅಡಿ, ಒಂದೇ ಕಲ್ಲು. ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು, ಮೈಮೇಲಿನ ಬಟ್ಟೆಯನ್ನೂ ಬಿಟ್ಟು ನಿಂತವನು. ಚಿಕ್ಕಂದಿನಲ್ಲಿ ಸ್ಕೂಲ್ ಟ್ರಿಪ್ಪಿಗೆ ಬಂದಾಗ ಮೆಟ್ಟಿಲು ಎಷ್ಟು ಅಂತ ಎಣಿಸಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಎಣಿಸುವ ಚಾಳಿ ಆಗಲೇ ಇತ್ತು ನೋಡಿ. ಬಸ್ಸಿನ ಕಿಟಕಿಯಿಂದ ಅಮ್ಮ ಅವನಿಗೂ ಒಂದು ಕೈಮುಗಿದಳು.

ಬಸ್ಸಿನಲ್ಲಿ ಮಾತು ಬಳೆಗೆ ಬಂತು. ನಾನು ಫೋನಿನಲ್ಲಿ ಅವತ್ತಿನ ಚಿನ್ನದ ರೇಟು ನೋಡಿ ಹನ್ನೆರಡು ಗ್ರಾಮಿಗೆ ಗುಣಿಸಿ ತೋರಿಸಿದೆ. ಆಮೇಲೆ ನನಗೆ ಬಹಳ ಒಳ್ಳೆಯದೆನಿಸಿದ ಒಂದು ಸಲಹೆ ಕೊಟ್ಟೆ. "ಬಳೆ ಇರಲಿ ಅಮ್ಮಾ. ಇಷ್ಟೇ ದುಡ್ಡು ನಾನು ಕೊಡ್ತೇನೆ. ಯಾವುದಾದರೂ ಬಡ ಮಕ್ಕಳ ಫೀಸಿಗೆ ಕಟ್ಟುವಾ, ಅಥವಾ ಡಯಾಲಿಸಿಸ್‌ನವರಿಗೆ. ಚರ್ಚಿಗೆ ಚಿನ್ನ ಎಂತಕ್ಕೆ? ಬಡವರಿಗೆ ಕೊಟ್ಟರೆ ದೇವರಿಗೂ ಖುಷಿ."

ಅಮ್ಮ ನನ್ನ ಮುಖ ನೋಡಿ ನಕ್ಕಳು. "ಇದು ಜುದಾಸ್ ಹೇಳಿದ ಮಾತು."

ನಾನು ಬಾಯಿ ಮುಚ್ಚಿದೆ. ಬೈಬಲ್ ಗೊತ್ತಿಲ್ಲದವರಿಗೆ ಕತೆ ಹೇಳ್ತೀನಿ. ಬೆಥಾನಿಯ ಒಂದು ಮನೆಯಲ್ಲಿ ಊಟ. ಯೇಸು ಶಿಲುಬೆಗೇರಲು ಕೆಲವೇ ದಿನ ಬಾಕಿ. ಒಬ್ಬ ಹೆಂಗಸು ಜಟಾಮಾಂಸಿ ತೈಲದ ಭರಣಿ ತಂದು ಯೇಸುವಿನ ಮೇಲೆ ಸುರಿಯುತ್ತಾಳೆ. ಯೊವಾನ್ನರ ಶುಭಸಂದೇಶದಲ್ಲಿ ಅವಳ ಹೆಸರು ಮರಿಯ, ಪಾದಕ್ಕೆ ಸುರಿದು ಕೂದಲಿನಿಂದ ಒರೆಸುತ್ತಾಳೆ. ಮಾರ್ಕರ ಪ್ರಕಾರ ಭರಣಿಯನ್ನೇ ಒಡೆದು ತಲೆಗೆ ಸುರಿಯುತ್ತಾಳೆ. ಇದನ್ನು ಮಾರಿದ್ದರೆ ಮುನ್ನೂರು ದಿನಾರಿ ಬರುತ್ತಿತ್ತು, ಬಡವರಿಗೆ ಕೊಡಬಹುದಿತ್ತು ಅಂತ ಜುದಾಸ್ ಲೆಕ್ಕ ಹೇಳುತ್ತಾನೆ. ಆ ಕಾಲದಲ್ಲಿ ಕೂಲಿಯಾಳಿನ ಒಂದು ದಿನದ ಕೂಲಿ ಒಂದು ದಿನಾರಿ. ಸಬ್ಬತ್ತು, ಹಬ್ಬದ ರಜೆ ಕಳೆದರೆ ಮುನ್ನೂರು ಅಂದರೆ ಒಂದು ವರ್ಷದ ದುಡಿಮೆ. ನನ್ನ ವಾರ್ಷಿಕ ಪ್ಯಾಕೇಜ್ ಒಂದು ಬಾಟಲಿಯಲ್ಲಿ ಅಂದುಕೊಳ್ಳಿ. ಮುಚ್ಚಳ ತೆಗೆದು ನಾಲ್ಕು ಹನಿ ಹಾಕಿದ್ದರೆ ಸಾಕಿತ್ತು. ಭರಣಿ ಒಡೆದವಳಿಗೆ ಉಳಿಸಿಕೊಳ್ಳುವ ಯೋಚನೆಯೇ ಇರಲಿಲ್ಲ.

ಜಟಾಮಾಂಸಿ ಬೆಳೆಯುವುದು ಹಿಮಾಲಯದಲ್ಲಿ. ನಮ್ಮಜ್ಜಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುವಾಗ ಅದರ ಬೇರು ಹಾಕ್ತಿದ್ದರು, ಮಣ್ಣಿನ ವಾಸನೆಯ ಹಾಗೆ ಒಂಥರಾ ಗಾಢ ವಾಸನೆ, ಮನೆ ತುಂಬಿಬಿಡುತ್ತಿತ್ತು. ಅದು ಎರಡು ಸಾವಿರ ವರ್ಷದ ಹಿಂದೆ ಜೆರುಸಲೇಮಿನ ಪಕ್ಕದ ಹಳ್ಳಿ ಮುಟ್ಟಬೇಕಾದರೆ ಎಷ್ಟು ಕೈ ಬದಲಾಗಿರಬೇಕು, ಪ್ರತಿ ಕೈಗೂ ಎಷ್ಟು ಲಾಭ ಇಟ್ಟಿರಬೇಕು! ದುಬಾರಿಯಾದದ್ದರಲ್ಲಿ ಆಶ್ಚರ್ಯ ಇಲ್ಲ.

"ಜುದಾಸ್ ಹಣದ ಚೀಲದಿಂದ ಕದೀತಿದ್ದ. ನಾನು ಕದೀತಿಲ್ಲ ಅಲ್ವಾ?" ಅಂತ ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ.

"ಇಲ್ಲ. ಆದ್ರೆ ನೀನು ಆ ಡಯಾಲಿಸಿಸ್‌ನವರಿಗೆ ಈ ಮೂರು ವರ್ಷ ಎಷ್ಟು ಕೊಟ್ಟಿ?"

ಏನೂ ಕೊಟ್ಟಿರಲಿಲ್ಲ. ನನ್ನ ಸ್ಪ್ರೆಡ್‌ಶೀಟಿನಲ್ಲಿ ದಾನ ಅಂತ ಒಂದು ಸಾಲು ಇತ್ತು. ಅಲ್ಲಿದ್ದದ್ದು ಟ್ಯಾಕ್ಸ್ ಉಳಿಸಲು ಮಾರ್ಚ್ ಕೊನೆಯಲ್ಲಿ ಕಳಿಸಿದ ಒಂದು ಮೊತ್ತ, ಅಷ್ಟೇ.

ಅತ್ತೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ರಸ್ತೆಯ ಎರಡೂ ಕಡೆ ಅಂಗಡಿ: ಬತ್ತಾಸು, ಖರ್ಜೂರ, ಚುರುಮುರಿ, ಕಲ್ಲಂಗಡಿ, ಪ್ಲಾಸ್ಟಿಕ್ ಆಟಿಕೆ, ಅಲ್ಯೂಮಿನಿಯಂ ಪಾತ್ರೆ. ಮೊಂಬತ್ತಿ ಮಾರುವವರು ಕಟ್ಟುಕಟ್ಟಾಗಿ ಎದುರಿಗೆ ಹಿಡಿಯುತ್ತಾರೆ. ಮೈಕಿನಲ್ಲಿ ಒಂದು ಪೂಜೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರು, ಒಂದು ಕೊಂಕಣಿ, ಒಂದು ಕನ್ನಡ. ಮುಂದೆ ಬುರ್ಖಾ ಹಾಕಿದ ಇಬ್ಬರು ಹೆಂಗಸರು ಮಗುವನ್ನು ಎತ್ತಿಕೊಂಡು ಹೋಗ್ತಿದ್ದರು, ಹಿಂದೆ ಕುಂಕುಮ ಇಟ್ಟ ಒಂದು ದೊಡ್ಡ ಕುಟುಂಬ. ಇಲ್ಲಿ ಇದು ಸುದ್ದಿಯಲ್ಲ.

ಈ ಜಾಗದ ಕತೆ ಗೊತ್ತಿದ್ದರೆ ಇಲ್ಲಿ ನಡೆಯುವುದಕ್ಕೆ ಬೇರೆ ರುಚಿ. ಇಲ್ಲಿಯ ಧರ್ಮಕೇಂದ್ರ ಶುರುವಾದದ್ದು 1759ರಲ್ಲಿ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚ್ ಹಾಳಾಯಿತು. 1799ರ ನಂತರ ಉಳಿದವರು ತಿರುಗಿ ಬಂದರು. ಮುಂದೆ ಹೊಸ ಚರ್ಚಿಗೆ ಜಾಗ ಹುಡುಕುತ್ತಾ ಪಾದ್ರಿಯೊಬ್ಬರು ಕೆಲವು ಜನರ ಜೊತೆ, ಸಂತ ಲಾರೆನ್ಸರ ಚಿಕ್ಕ ಮರದ ಮೂರ್ತಿಯನ್ನು ಹಿಡಿದುಕೊಂಡು ಹೊರಟರಂತೆ. ಪರ್ಪಲೆ ಗುಡ್ಡದ ಇಳಿಜಾರಿನಲ್ಲಿ ನೀರಿನ ಒರತೆ ಕಂಡಿತು. ಬಾಯಾರಿತ್ತು, ಮೂರ್ತಿಯನ್ನು ಕೆಳಗಿಟ್ಟು ನೀರು ಕುಡಿದರು. ಆಮೇಲೆ ಎತ್ತಲು ಹೋದರೆ ಮೂರ್ತಿ ಮೇಲೆ ಬರಲೇ ಇಲ್ಲ. ಇಲ್ಲೇ ಚರ್ಚ್ ಕಟ್ಟುತ್ತೇವೆ ಅಂತ ಮಾತು ಕೊಟ್ಟ ಮೇಲೆಯೇ ಬಂದದ್ದು. 1839ರಲ್ಲಿ ಇಲ್ಲಿ ಚರ್ಚ್ ಎದ್ದಿತು. ಒರತೆಯ ಜಾಗ ಈಗ ಪುಷ್ಕರಿಣಿ, ಜನ ಅದರ ನೀರು ತೆಗೆದುಕೊಂಡು ಹೋಗ್ತಾರೆ. 2016ರಲ್ಲಿ ಬಸಿಲಿಕ ಎಂಬ ಪದವಿ ಬಂತು, ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಮೇರೀಸ್ ಬಿಟ್ಟರೆ ಇದೇ ಎರಡನೆಯದು.

ಮೂರ್ತಿ ಎತ್ತಲಾಗದ ಕತೆ ನಮ್ಮ ನಾಡಿನಲ್ಲಿ ಎಷ್ಟು ದೇವಸ್ಥಾನಗಳಿಗೆ ಇಲ್ಲ ಹೇಳಿ. ನಾನು ಅದನ್ನು ನಂಬ್ತೀನಾ ಅಂತ ಕೇಳಿದರೆ ಉತ್ತರ ಗೊತ್ತಿಲ್ಲ. ನನ್ನ ಗಮನ ಹೋಗುವುದು ಆ ಜನರ ಕಡೆ. ಹದಿನೈದು ವರ್ಷದ ಸೆರೆ ಕಂಡವರು, ಅವರ ಮಕ್ಕಳು. ಗದ್ದೆ ಹೋಗಿದೆ, ಮನೆ ಹೋಗಿದೆ. ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟು ಆಮೇಲೆ ಚರ್ಚ್ ಯೋಚಿಸುವಾ ಅಂತ ಅವರಲ್ಲಿ ಯಾರೂ ಹೇಳಲಿಲ್ಲವಾ?

ಲಾರೆನ್ಸರದ್ದೂ ಲೆಕ್ಕ ನೋಡಿಕೊಳ್ಳುವ ಕೆಲಸವೇ. ರೋಮಿನ ಸಭೆಯ ಧರ್ಮಸೇವಕ, ಹಣಕಾಸು, ಬಡವರ ಹಂಚಿಕೆ ಅವರ ಕೈಯಲ್ಲಿತ್ತು. 258ರಲ್ಲಿ ಚಕ್ರವರ್ತಿ ವಲೇರಿಯನ್ ಪೋಪ್ ಎರಡನೇ ಸಿಕ್ಸ್ಟಸರನ್ನು ಕೊಲ್ಲಿಸಿದ. ಪರಂಪರೆಯ ಕತೆಯ ಪ್ರಕಾರ, ಚರ್ಚಿನ ಸಂಪತ್ತೆಲ್ಲ ತಂದೊಪ್ಪಿಸು ಅಂತ ರೋಮಿನ ಅಧಿಕಾರಿ ಲಾರೆನ್ಸರಿಗೆ ಹೇಳಿದ. ಅವರು ಮೂರು ದಿನ ಕೇಳಿದರು. ಮೂರು ದಿನದಲ್ಲಿ ಇದ್ದದ್ದೆಲ್ಲ ಹಂಚಿ, ಬಡವರು, ಕುರುಡರು, ಕುಂಟರನ್ನೆಲ್ಲ ಕರೆದು ತಂದು ನಿಲ್ಲಿಸಿ, ಚರ್ಚಿನ ಸಂಪತ್ತು ಇವರೇ ಅಂದರು. ಅವರನ್ನು ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಬೆಂಕಿ ಇಟ್ಟರು ಅಂತ ಕತೆ. ಆಗಸ್ಟ್ 10 ಅವರ ದಿನ, ಅತ್ತೂರಿನ ಜಾತ್ರೆ ಮಾತ್ರ ಜನವರಿಯಲ್ಲಿ. ಆ ಮೂರು ದಿನದ ಬಗ್ಗೆ ನನಗೆ ಯಾವಾಗಲೂ ಕುತೂಹಲ. ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದೇ ಸಾಲನ್ನು ಸೊನ್ನೆ ಮಾಡ್ತಾ ಹೋಗುವುದು ಹೇಗಿರಬಹುದು?

ಒಳಗೆ ಹೋಗುವ ಸಾಲು ಉದ್ದ ಇತ್ತು. ಅಮ್ಮ ಬಳೆ ತೆಗೆಯಲು ನೋಡಿದಳು, ಬರಲಿಲ್ಲ. ವರ್ಷಾನುಗಟ್ಟಲೆ ಕೈಯಲ್ಲೇ ಇದ್ದದ್ದು, ಗೆಣ್ಣು ದಪ್ಪವಾಗಿದೆ. ಬಾಟಲಿ ನೀರು ಹಾಕಿ ನಾನೂ ಎಳೆದೆ. ಕೈ ಕೆಂಪಾಯಿತು. "ಬಿಡು ಅಮ್ಮಾ, ಅದಕ್ಕೇ ಇಷ್ಟ ಇಲ್ಲ" ಅಂತ ತಮಾಷೆ ಮಾಡಿದೆ, ಒಳಗೊಳಗೇ ಸ್ವಲ್ಪ ಆಸೆಯೂ ಇತ್ತು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ತುಳುವಿನಲ್ಲಿ ಏನೋ ಗದರಿ, ತಲೆಗೆ ಹಚ್ಚಿದ್ದ ತೆಂಗಿನೆಣ್ಣೆಯನ್ನೇ ಬೆರಳಿಗೆ ಒರೆಸಿಕೊಂಡು ಅಮ್ಮನ ಕೈಗೆ ತಿಕ್ಕಿದರು. ಎರಡು ತಿರುವಿಗೆ ಬಳೆ ಹೊರಗೆ ಬಂತು. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮಗುವಿನ ಚರ್ಮದ ಹಾಗೆ.

"ಆಫೀಸಿನಲ್ಲಿ ಕೊಟ್ಟು ರಸೀದಿ ತಗೊಳ್ಳುವಾ" ಅಂದೆ. ಅದು ಸರಿಯಾದ ಕ್ರಮವೂ ಹೌದು, ಚಿನ್ನ ಕೊಡುವವರು ಯಾರೇ ಆದರೂ ಹಾಗೇ ಮಾಡಿ. ಅಮ್ಮ ಬೇಡ ಅಂದಳು. ಹೆಸರು ಬರೆಸಬೇಕಾಗುತ್ತದೆ, ಆಮೇಲೆ ಪಪ್ಪನ ವಿಷಯ ಕೇಳ್ತಾರೆ, ಅದೆಲ್ಲ ಹೇಳುವಷ್ಟು ಶಕ್ತಿ ಇಲ್ಲ.

ಆಗ ನಾನು ಮೂರು ವರ್ಷದ ಹಿಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆ, ಈ ಸಲ ಸಿಟ್ಟಿಲ್ಲದೆ. ಪಪ್ಪಾ ಉಳಿಯಲಿಲ್ಲವಲ್ಲ, ಮತ್ತೆ ಯಾಕೆ?

ಅಮ್ಮ ಬಳೆಯನ್ನು ಕರ್ಚೀಫಿನಲ್ಲಿ ಸುತ್ತುತ್ತಾ ಹೇಳಿದಳು. "ನಾನು ಬದುಕಿಸು ಅಂತ ಕೇಳಿದ್ದೆ, ಹೌದು. ಆದ್ರೆ ಬಳೆ ಕೊಡ್ತೇನೆ ಅಂದದ್ದು ಅದರ ರೇಟು ಅಂತ ಅಲ್ಲ. ಆ ರಾತ್ರಿ ನನ್ನ ಹತ್ರ ಯಾರೂ ಇರ್ಲಿಲ್ಲ. ಮಾತಾಡ್ಲಿಕ್ಕೆ ಅವರೊಬ್ಬರೇ ಇದ್ದದ್ದು. ಬೆಳಗಿನ ತನಕ ನನ್ನ ಒಟ್ಟಿಗೆ ಕೂತಿದ್ರು. ಹದಿನೆಂಟು ರಾತ್ರಿ."

ಸ್ವಲ್ಪ ಹೊತ್ತಿನ ಮೇಲೆ, "ನಾನು ಆ ವಿಧವೆಯಷ್ಟು ದೊಡ್ಡವಳಲ್ಲ. ಒಂದು ಇಟ್ಟುಕೊಂಡಿದ್ದೇನೆ ನೋಡು" ಅಂತ ಇನ್ನೊಂದು ಕೈ ಎತ್ತಿ ತೋರಿಸಿದಳು.

ಆ ವಿಧವೆಯದ್ದೂ ಬೈಬಲಿನ ಕತೆಯೇ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ತುಂಬ ಹಾಕುವಾಗ ಅವಳು ಎರಡು ತಾಮ್ರದ ಕಾಸು ಹಾಕಿದಳು, ಅವಳ ಹತ್ತಿರ ಇದ್ದದ್ದೇ ಅಷ್ಟು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಅಂತ ಯೇಸು ಶಿಷ್ಯರಿಗೆ ತೋರಿಸುತ್ತಾರೆ. ಎರಡು ಕಾಸಿದ್ದವಳು ಒಂದನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಪ್ರಸಂಗಗಳಲ್ಲಿ ಹೆಚ್ಚಾಗಿ ಹೇಳದೆ ಬಿಡುವ ಒಂದು ವಿಷಯ ಉಂಟು. ಮಾರ್ಕರಲ್ಲಿ ಈ ಕತೆಯ ಸ್ವಲ್ಪ ಮೇಲೆಯೇ, ವಿಧವೆಯರ ಮನೆ ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಕಠೋರವಾಗಿ ಬೈಯುತ್ತಾರೆ. ಎರಡನ್ನೂ ಒಟ್ಟಿಗೇ ಓದಬೇಕು ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಆ ಹಾಲಿನಲ್ಲಿ ಸೆರಗಿನ ಗಂಟು ಬಿಚ್ಚಿದ ಹೆಂಗಸಿನ ಬಗ್ಗೆ ನನಗಿರುವ ಸಿಟ್ಟು ಈಗಲೂ ಹಾಗೇ ಇದೆ, ಅದು ಇರಬೇಕಾದದ್ದೇ. ಆದರೆ ಕೇಳಿದವರ ಮೇಲಿನ ಸಿಟ್ಟಿನಲ್ಲಿ ಕೊಟ್ಟವಳನ್ನೂ ನಾನು ಪೆದ್ದಿ ಅಂದುಕೊಂಡಿದ್ದೆ. ನನ್ನ ಅಮ್ಮನನ್ನೂ.

ಒಳಗೆ ಪವಾಡ ಮೂರ್ತಿಯ ಎದುರು ನಿಲ್ಲಲು ಸಿಕ್ಕಿದ್ದು ಒಂದು ನಿಮಿಷವೂ ಅಲ್ಲ. ಸ್ವಯಂಸೇವಕರು ಮುಂದೆ ಮುಂದೆ ಅಂತಿದ್ದರು. ಅಮ್ಮ ಕರ್ಚೀಫನ್ನು ಕಾಣಿಕೆ ಡಬ್ಬಿಯ ಬಾಯಿಗೆ ಇಟ್ಟಳು, ಗಂಟು ದಪ್ಪವಾಗಿ ಒಳಗೆ ಹೋಗಲಿಲ್ಲ. ಬಿಚ್ಚಿ, ಬಳೆ ಮಾತ್ರ ಹಾಕಿದಳು. ಕೆಳಗೆ ನಾಣ್ಯಗಳ ಮೇಲೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅವಳು ಎಲ್ಲರ ಎದುರು, ಸಾಲಿನ ನಡುವೆ, ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದಳು. ಹಿಂದಿನವರು ತಳ್ಳುತ್ತಿದ್ದರು. ಸ್ವಯಂಸೇವಕ ಹುಡುಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ದಾವೀದ ರಾಜ ಮಂಜೂಷದ ಎದುರು ಮೈಮರೆತು ಕುಣಿದಾಗ ಅವನ ಹೆಂಡತಿ ಮೀಕಲ್ ಕಿಟಕಿಯಿಂದ ನೋಡಿ ಅಸಹ್ಯಪಟ್ಟಳಂತೆ. ನನ್ನದು ಯಾವಾಗಲೂ ಆ ಕಿಟಕಿಯ ಜಾಗ. ಅಮ್ಮನನ್ನು ಎಬ್ಬಿಸಲು ಬಗ್ಗಿದವನು ನಾನೂ ಅಲ್ಲೇ ಮೊಣಕಾಲೂರಿದೆ. ಭಕ್ತಿಯಿಂದಲಾ, ಅವಳಿಗೆ ಅಡ್ಡ ನಿಲ್ಲಲಿಕ್ಕಾ, ಬಿಡಿಸಿ ಹೇಳಲು ಬರುವುದಿಲ್ಲ. ಪಪ್ಪಾ ಹೋದ ಮೇಲೆ ನಾನು ಅತ್ತಿರಲಿಲ್ಲ. ಆಸ್ಪತ್ರೆಯ ಬಿಲ್ಲು, ಇನ್ಶೂರೆನ್ಸ್, ಡೆತ್ ಸರ್ಟಿಫಿಕೇಟ್, ಬ್ಯಾಂಕ್ ನಾಮಿನಿ ಎಲ್ಲ ಸಾಲಾಗಿ ಮುಗಿಸಿದ್ದೆ, ಒಂದೂ ತಪ್ಪಿರಲಿಲ್ಲ. ಅಲ್ಲಿ, ಸಾವಿರ ಜನರ ನಡುವೆ, ಮೂಗು ಸೋರುವ ಹಾಗೆ ಅತ್ತೆ. ಕರ್ಚೀಫು ಖಾಲಿಯಾಗಿತ್ತಲ್ಲ, ಅಮ್ಮ ಅದನ್ನೇ ಕೊಟ್ಟಳು.

ಹೊರಗೆ ಪುಷ್ಕರಿಣಿಯ ಹತ್ತಿರ ನೀರು ತೆಗೆದುಕೊಂಡು, ಮೊಂಬತ್ತಿ ಹಚ್ಚಿ, ತಿರುಗಿ ರಸ್ತೆಗೆ ಬಂದೆವು. ಹಬ್ಬಕ್ಕೆ ಬಂದ ಭಿಕ್ಷುಕರು ಬದಿಯಲ್ಲಿ ಉದ್ದಕ್ಕೆ ಕೂತಿದ್ದರು. ಅಮ್ಮ ವಾರದಿಂದ ಒಟ್ಟು ಮಾಡಿದ ಚಿಲ್ಲರೆಯ ಚೀಲ ತೆಗೆದು ಒಬ್ಬೊಬ್ಬರಿಗೆ ಹಾಕುತ್ತಾ, ಕೆಲವರ ಹತ್ತಿರ ಊಟ ಆಯ್ತಾ ಅಂತ ಕೇಳುತ್ತಾ ನಡೆದಳು. ಅರ್ಧ ದಾರಿಗೇ ಚೀಲ ಖಾಲಿ. ನನ್ನ ಕಡೆ ನೋಡಲಿಲ್ಲ. ನಾನು ಪರ್ಸು ತೆಗೆದೆ. ಹತ್ತು, ಇಪ್ಪತ್ತು ಮುಗಿಯಿತು, ಐವತ್ತು ಮುಗಿಯಿತು. ಐನೂರರದ್ದು ಮೂರು ಇದ್ದವು. ಚಿಲ್ಲರೆ ಮಾಡಿಸಿಕೊಂಡು ಬರುವಾ ಅಂತ ಒಂದು ಕ್ಷಣ ಅನಿಸಿತು. ಎದುರಿಗಿದ್ದ ಅಜ್ಜನ ಕೈ ಚಾಚಿಯೇ ಇತ್ತು. ಕೊಟ್ಟೆ. ಅವರು ನೋಟನ್ನು ಎರಡೂ ಬದಿ ತಿರುಗಿಸಿ ನೋಡಿ, ನನ್ನನ್ನು ನೋಡಿ, ಪಕ್ಕದವರಿಗೆ ಏನೋ ಹೇಳಿ ನಕ್ಕರು. ಉಳಿದ ಎರಡಕ್ಕೆ ಅಷ್ಟು ಯೋಚನೆ ಬೇಕಾಗಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಪರ್ಸಿನಲ್ಲಿ ಕಾರ್ಡುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ, ಜಾತ್ರೆಯ ಜನಕ್ಕೆ ಟವರ್ ಸೋತಿತ್ತು. ಅಮ್ಮ ಸೀರೆಯ ಸೊಂಟದಿಂದ ಸಣ್ಣ ಪರ್ಸು ತೆಗೆದು ಎರಡು ಟಿಕೆಟ್ಟಿಗೆ ಕೊಟ್ಟಳು.

"ಮೂಡುಬಿದಿರೆಗೆ ಇಳಿದು ಎಂತಾದ್ರೂ ತಿನ್ನುವಾ," ಅಂದಳು. "ಹಸಿವಾಗ್ತದೆ."